ಹೊಸಿಲಲ್ಲಿ ಎರಡು ಲೋಟ ನೀರು

ನಲವತ್ತೆರಡು ಕಿಲೋಮೀಟರ್ ಓಡುತ್ತೇನೆಂದು ನಾನು ಹೇಳಿದ್ದು ಬರೀ ಸಿಟ್ಟಿನಲ್ಲಿ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಕೂತು ಬೇರೆಯವರ ರಕ್ತ, ಮೂತ್ರ ನೋಡುವವಳು. ಊರಿನಲ್ಲಿ ಮ್ಯಾರಥಾನ್ ನಡೆಯುತ್ತದೆಂಬ ಸುದ್ದಿ ಬಂದಾಗ ತಾವೂ ಓಡಲು ಹೆಸರು ಕೊಟ್ಟಿದ್ದ ನಮ್ಮ ಹೊಸ ಡಾಕ್ಟರೊಬ್ಬರು ನನ್ನ ಸೊಂಟದ ಕಡೆ ಒಮ್ಮೆ ನೋಡಿ, "ಮೇಡಂ, ನಿಮಗೆ ಐದು ಕಿಲೋಮೀಟರಿನ ನಡಿಗೆ ಉಂಟಲ್ಲ, ಅದು ಸಾಕು" ಅಂದರು. "ನಾನು ಪೂರ್ತಿ ಓಡ್ತೇನೆ" ಅಂದುಬಿಟ್ಟೆ. ಮಾತು ಮನೆ ಕೆಡಿಸಿತು ಅನ್ನುವುದು ಸುಳ್ಳಲ್ಲ. ಸಂಜೆಯೊಳಗೆ ಇಡೀ ಆಸ್ಪತ್ರೆಗೆ ಗೊತ್ತಾಗಿತ್ತು, ಹಿಂದೆ ಸರಿಯಲು ದಾರಿಯೇ ಇರಲಿಲ್ಲ.

ಓಡುವವಳು ನಾನಲ್ಲ, ನನ್ನ ಅಕ್ಕ. ನಾವು ಅವಳಿ. ಅವಳು ನನಗಿಂತ ಸ್ವಲ್ಪ ಹೊತ್ತು ಮೊದಲು ಬಂದದ್ದಕ್ಕೆ ಅಕ್ಕ ಆದಳು. ಹೊಯ್ಗೆಬಜಾರಿನ ಹೊಳೆಬದಿಯಲ್ಲಿ ನಮ್ಮ ಮನೆ ಇತ್ತು, ಅಪ್ಪನಿಗೆ ಮೀನಿನ ಬೋಟಿನಲ್ಲಿ ಪಾಲು ಇತ್ತು. ಮುಖ ನೋಡಿದರೆ ಯಾರು ಯಾರೆಂದು ಅಪ್ಪನಿಗೂ ತಿಳಿಯುತ್ತಿರಲಿಲ್ಲ. ಆದರೆ ನಾವು ಏಳುವುದು ಕೂರುವುದು ನೋಡಿದರೆ ಕುರುಡರಿಗೂ ತಿಳಿಯುತ್ತಿತ್ತು. ಅಕ್ಕ ಊಟವನ್ನು ನಾಲ್ಕು ತುತ್ತಿನಲ್ಲಿ ಮುಗಿಸಿ ಬರಿಗಾಲಿನಲ್ಲಿ ಹೊಳೆದಡದ ಹೊಯ್ಗೆಯ ಮೇಲೆ ಓಡಿಬಿಡುತ್ತಿದ್ದಳು. ನಾನು ಬಟ್ಟಲಿನ ಮುಂದೆ ಕೂತರೆ ಅಮ್ಮ ಉಳಿದವರ ಬಟ್ಟಲುಗಳನ್ನೆಲ್ಲ ತೊಳೆದು ಬಂದರೂ ಇನ್ನೂ ಮೀನಿನ ಮುಳ್ಳು ಬಿಡಿಸುತ್ತಿರುತ್ತಿದ್ದೆ. ಅವಳ ಹಿಂದೆ ಓಡಲು ಹೋದರೆ ಅರ್ಧ ದಾರಿಯಲ್ಲಿ ಕಾಲು ನೋವೆಂದು ಕೂತುಬಿಡುತ್ತಿದ್ದೆ. ಎಡಗಾಲಿನ ಹೆಬ್ಬೆರಳನ್ನು ಕೈಯಲ್ಲಿ ಹಿಡಿದು, ಅದಕ್ಕೆ ಎಂಜಲು ಹಚ್ಚಿ ಉಜ್ಜುವುದು ನನ್ನ ಕೆಟ್ಟ ಅಭ್ಯಾಸ. "ಥೂ ಕೊಳಕಿ" ಎಂದು ಅಕ್ಕ ದೂರದಿಂದ ನಗುತ್ತಿದ್ದಳು. ಎಂಟು ವರ್ಷ ತುಂಬುವ ಮೊದಲು ಅವಳು ಮೆದುಳು ಜ್ವರದಲ್ಲಿ ಹೋದಳು.

ತುಳುನಾಡಿನ ನಮ್ಮಂಥ ಮನೆಗಳಲ್ಲಿ ಸತ್ತವರು ಸತ್ತ ಪ್ರಾಯದಲ್ಲೇ ನಿಲ್ಲುವುದಿಲ್ಲ. ಅವರೂ ಬೆಳೆಯುತ್ತಾರೆ. ಮದುವೆಯಾಗದೆ ಹೋದ ಮಗುವಿಗೆ ಪ್ರಾಯ ಬಂದಾಗ, ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡುತ್ತಾರೆ. ಕುಲೆ ಮದುವೆ ಅನ್ನುತ್ತೇವೆ. ಕುಲೆ ಎಂದರೆ ಸತ್ತವರ ಜೀವ. ನನಗೆ ಬಂದ ಸಂಬಂಧಗಳೆಲ್ಲ ಒಂದರ ಹಿಂದೆ ಒಂದು ಮುರಿಯುತ್ತಿದ್ದಾಗ ಹಿರಿಯರು, "ಅಕ್ಕ ಕೂತಿರುವಾಗ ತಂಗಿಗೆ ಹೇಗೆ ಆಗ್ತದೆ?" ಅಂದರು. ಕಾಟಿಪಳ್ಳದಲ್ಲಿ ಚಿಕ್ಕಂದಿನಲ್ಲೇ ಕೆರೆಗೆ ಬಿದ್ದು ಹೋದ ಹುಡುಗನೊಬ್ಬ ಇದ್ದ. ಇದ್ದ ಅಂತಲೇ ಹೇಳುವುದು ನಾವು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ ಬಳೆ, ಇನ್ನೊಂದರ ಮೇಲೆ ಪಂಚೆ ಶಾಲು ಇಟ್ಟು ಧಾರೆ ಎರೆದರು. ಅಳುವುದೋ ನಗುವುದೋ ತಿಳಿಯದೆ ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಧಾರೆಯಾದ ಮೇಲೆ ಹುಡುಗಿಯನ್ನು ಗಂಡನ ಮನೆ ತುಂಬಿಸಬೇಕು. ಸೀರೆ, ಬಳೆ ಇದ್ದ ಬುಟ್ಟಿಯನ್ನು ತಂಗಿಯಾದ ನಾನೇ ಹೊತ್ತು ಕಾಟಿಪಳ್ಳಕ್ಕೆ ಹೋಗಬೇಕಿತ್ತು. ಆ ದಿನದ ಮಳೆಗೆ ಕೂಳೂರಿನ ಸೇತುವೆಯ ಆಚೆ ಈಚೆ ವಾಹನಗಳು ನಿಂತುಬಿಟ್ಟಿದ್ದವು. ಗಂಡಿನ ಕಡೆಯವರೂ ನೆನೆದು ಹೈರಾಣಾಗಿದ್ದರು. "ಶಾಸ್ತ್ರ ಆಯ್ತಲ್ಲ, ಇನ್ನೊಂದು ದಿನ ಕಳಿಸಿದ್ರೆ ಸಾಕು" ಎಂದು ಹಿರಿಯರೇ ತೀರ್ಮಾನಿಸಿದರು. ಆ ಇನ್ನೊಂದು ದಿನ ಬರಲೇ ಇಲ್ಲ. ನನ್ನ ಮದುವೆಯಾಯಿತು, ವಾಮಂಜೂರಿನಲ್ಲಿ ಮನೆಯಾಯಿತು, ಅಪ್ಪ ಹೋದ ಮೇಲೆ ಅಮ್ಮ ನಮ್ಮೊಡನೆ ಬಂದಳು. ಬುಟ್ಟಿ ಅಟ್ಟ ಸೇರಿತು. ಅಕ್ಕ ಹೊಳೆ ದಾಟಲೇ ಇಲ್ಲ.

ಮಳೆಗಾಲಕ್ಕೆ ಮುಂಚೆ ಓಟದ ಅಭ್ಯಾಸ ಶುರು ಮಾಡಿದೆ. ಬೆಳಕು ಹರಿಯುವ ಹೊತ್ತಿಗೆ ವಾಮಂಜೂರಿನ ಗದ್ದೆ ಬದಿಯ ದಾರಿಯಲ್ಲಿ ಯಾರೂ ಇರುವುದಿಲ್ಲ. ಹೊಸ ಶೂ ಹಾಕಿ ಧಡಧಡ ಓಡುತ್ತಿದ್ದೆ, ಓಡುವುದಕ್ಕಿಂತ ಏದುಸಿರು ಬಿಡುವುದೇ ಹೆಚ್ಚು. ಮೊದಲ ವಾರದಲ್ಲೇ ಅದು ಕೇಳಿಸಿತು. ನನ್ನ ಶೂಗಳ ಸದ್ದಿನ ನಡುವೆ ಇನ್ನೊಂದು ಸದ್ದು. ಡಾಂಬರಿನ ಮೇಲೆ ಬರಿಗಾಲು ಬೀಳುವ ಸದ್ದು, ಹಗುರ, ಬೇಗ. ನಿಂತೆ, ಅದೂ ನಿಂತಿತು. ತಿರುಗಿ ನೋಡಿದರೆ ಗದ್ದೆ, ಹೊಸದಾಗಿ ಕಟ್ಟುತ್ತಿರುವ ಕಾಲೇಜಿನ ಗೋಡೆ, ಒಂದು ಕೊಕ್ಕರೆ. ಬೆನ್ನು ತಣ್ಣಗಾಯಿತು. ರಕ್ತದಲ್ಲಿ ಕುಲೆ ಕಾಣುವುದಿಲ್ಲ ಎಂದು ಲ್ಯಾಬಿನಲ್ಲಿ ನಾನೇ ಎಲ್ಲರಿಗೂ ತಮಾಷೆ ಮಾಡುವವಳು. ಇದನ್ನು ಯಾರಿಗೆ ಹೇಳಲಿ? ಕೆಲವು ದಿನ ಹಲ್ಲು ಕಚ್ಚಿ ಓಡಿದೆ. ನಾನು ಸುಸ್ತಾಗಿ ನಿಧಾನವಾದಾಗ ಹಿಂದಿನ ಸದ್ದು ಅಸಹನೆಯಿಂದ ನಿಂತಲ್ಲೇ ಕುಣಿಯುತ್ತಿತ್ತು. ಒಂದು ಬೆಳಿಗ್ಗೆ ಕಿವಿಯ ಹತ್ತಿರವೇ ಉಸಿರಿನ ಬಿಸಿ ತಗಲಿತು. ಅಂದಿನಿಂದ ಓಡುವುದು ಬಿಟ್ಟೆ.

"ಗಂಟು ನೋವು" ಎಂದೆ ಮನೆಯಲ್ಲಿ. "ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಕೇಳಿದ್ದೇನೆ, ನಿನ್ನದು ಯುದ್ಧಕಾಲಕ್ಕೂ ಇಲ್ಲ ಮಾರಾಯ್ತಿ" ಎಂದು ಗಂಡ ನಕ್ಕರು. ಸಂಜೆ ಟೆರೇಸಿನ ಮೇಲೆ ಸುತ್ತು ಹೊಡೆಯುತ್ತಿದ್ದೆ, ಸುತ್ತ ಮನೆಗಳ ಲೈಟು ಹೊತ್ತಿರುವಾಗ, ಕೆಳಗೆ ಟಿವಿ ಜೋರಾಗಿ ಕೇಳುತ್ತಿರುವಾಗ. ಅದನ್ನು ಅಭ್ಯಾಸ ಅನ್ನುವುದಾದರೆ ಹಪ್ಪಳ ಒಣಗಿಸಲು ಟೆರೇಸಿಗೆ ಹೋಗುವವರೆಲ್ಲ ಮ್ಯಾರಥಾನ್ ಓಡಬಹುದು.

ಆಟಿ ಬಂತು. ಸತ್ತವರಿಗೆ ಬಡಿಸುವ ತಿಂಗಳು. ನಮ್ಮ ಮನೆಯಲ್ಲಿ ಅಮ್ಮ ಬಡಿಸುತ್ತಾಳೆ. ಕಾಟಿಪಳ್ಳದಲ್ಲಿ ಆ ಹುಡುಗನ ತಾಯಿ ಬಡಿಸುತ್ತಾರೆ, ನಾವು ಬೀಗರಲ್ಲವೇ, ನನಗೆ ಪ್ರತಿ ವರ್ಷ ಕರೆ ಬರುತ್ತದೆ. ಕಾಟಿಪಳ್ಳದ ಅತ್ತೆ ಎಂದೇ ಕರೆಯುವುದು ನಾನು. ಒಳಗಿನ ಕೋಣೆಯಲ್ಲಿ ಎಲೆ ಹಾಕಿ, ಅನ್ನ, ಕೋಳಿ, ಮೀನು ಎಲ್ಲ ಬಡಿಸಿ, ಬಾಗಿಲು ಎಳೆದು ಎಲ್ಲರೂ ಹೊರಗೆ ಬರಬೇಕು. ಅವರು ಉಂಡಾಗುವವರೆಗೆ ಜಗಲಿಯಲ್ಲಿ ಕೂರಬೇಕು. ಮತ್ತೆ ಬಾಗಿಲು ತೆರೆಯುವ ಮೊದಲು ಕೆಮ್ಮಬೇಕು, ಅವಸರದಲ್ಲಿ ಒಳನುಗ್ಗಿ ಉಣ್ಣುವವರನ್ನು ಎಬ್ಬಿಸಬಾರದು. ಹಾಗೆ ಜಗಲಿಯಲ್ಲಿ ಕೂತಿರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮಗ ಕನಸಿಗೆ ಬರ್ತಾನೆ. ಒಬ್ಬನೇ ಬರ್ತಾನೆ. ಹೆಂಡತಿ ಎಲ್ಲಿ ಕೇಳಿದ್ರೆ, ಅವಳು ಮನೆಗೆ ಬಂದೇ ಇಲ್ಲ, ತಂಗಿಯ ಹಿಂದೆಯೇ ಓಡ್ತಾಳೆ ಅಂತಾನೆ."

ನಾನು ಓಡುತ್ತಿದ್ದೆನೆಂದು ಅತ್ತೆಗೆ ಯಾರೂ ಹೇಳಿರಲಿಲ್ಲ. ಆ ಭಯದಲ್ಲಿಯೇ ಎಲ್ಲ ಹೇಳಿಬಿಟ್ಟೆ, ಬರಿಗಾಲಿನ ಸದ್ದು, ಕಿವಿಯ ಹತ್ತಿರದ ಉಸಿರು, ಗಂಟು ನೋವಿನ ಸುಳ್ಳು. ಅತ್ತೆ ಹೆದರಲಿಲ್ಲ. ಓಟ ಯಾವ ದಾರಿ ಎಂದು ಕೇಳಿದರು. ಊರೊಳಗೆ ಒಂದು ಸುತ್ತು, ಮತ್ತೆ ಕೊಟ್ಟಾರ, ಕೂಳೂರು, ಪಣಂಬೂರು, ಸುರತ್ಕಲ್ ದಾಟಿ ಒಂದಿಷ್ಟು ದೂರ ಹೋಗಿ ತಿರುಗಿ ಬರುವುದು ಅಂದೆ.

"ಕೂಳೂರು ಸಂಕ ದಾಟ್ತದಲ್ಲ? ಹಾಗಾದ್ರೆ ಅವಳನ್ನು ಕರ್ಕೊಂಡು ಬಾ. ತಿರುಗುವಲ್ಲಿ ನಾನು ಬೆಲ್ಲ ನೀರು ಹಿಡ್ಕೊಂಡು ನಿಲ್ತೇನೆ. ಹೊಸಿಲಲ್ಲಿ ಬೆಲ್ಲ ತಿಂದು ನೀರು ಕುಡಿದವಳು ಆ ಮನೆಯವಳು. ಅವಳನ್ನು ನನ್ನ ಹತ್ರ ಬಿಟ್ಟು ನೀನು ತಿರುಗಿ ನೋಡದೆ ಹೋಗು. ನಿನ್ನ ಹಿಂದೆ ಮತ್ತೆ ಬರುದಿಲ್ಲ ಅವಳು."

ಅಂದಿನಿಂದ ಆ ಓಟಕ್ಕೂ ಡಾಕ್ಟರಿಗೂ ಸಂಬಂಧವೇ ಉಳಿಯಲಿಲ್ಲ. ಅಕ್ಕನನ್ನು ಅವಳ ಮನೆ ತುಂಬಿಸಿ ಬರಬೇಕು, ನನ್ನ ಬೆನ್ನು ನನಗೆ ವಾಪಸು ಸಿಗಬೇಕು. ಅಷ್ಟೇ ಬೇಕಾಗಿತ್ತು ನನಗೆ. ಬಸ್ಸಿನಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿದ್ದೆ. "ಬಸ್ಸಿನಲ್ಲಿ ಎಷ್ಟು ಸಲ ಬಂದಿದ್ದಿ ನೀನು, ಅವಳು ಬಂದಳಾ?" ಎಂದಿದ್ದರು ಅತ್ತೆ. ಅಕ್ಕ ಓಡಿದರೆ ಮಾತ್ರ ಬರುವವಳು.

ಓಟದ ದಿನ ಇನ್ನೂ ನಸುಕಿನಲ್ಲಿ ಮೈದಾನದಲ್ಲಿ ಸಾವಿರ ಜನ, ಮೈಕು, ಬಣ್ಣ ಬಣ್ಣದ ಬನಿಯನುಗಳು. ಗಂಡ ಬಾಳೆಹಣ್ಣು ಕೊಟ್ಟು, "ಸಾಕಾದ್ರೆ ರಿಕ್ಷಾ ಹಿಡಿ, ನಾಚಿಕೆ ಎಂತ ಇಲ್ಲ" ಅಂದರು. ಊರೊಳಗಿನ ಸುತ್ತು ಮುಗಿಯುವಷ್ಟರಲ್ಲೇ ಸತ್ತೆನೆಂದುಕೊಂಡೆ. ತೊಡೆ ಕಲ್ಲಾಯಿತು. ಎಡಗಾಲಿನ ಹೆಬ್ಬೆರಳು ಶೂವಿನ ಒಳಗೆ ಉಜ್ಜಿ ಉಜ್ಜಿ ಚರ್ಮ ಕಿತ್ತದ್ದು ಗೊತ್ತಾಗುತ್ತಿತ್ತು. ಕಾಲುಚೀಲ ಒದ್ದೆಯಾಗಿ ಅಂಟುತ್ತಿತ್ತು. ನನ್ನನ್ನು ಎಲ್ಲರೂ ದಾಟಿಹೋದರು, ನನ್ನ ಅಪ್ಪನ ಪ್ರಾಯದವರೂ ದಾಟಿಹೋದರು. ಕೊಟ್ಟಾರ ಕಳೆಯುವಾಗ ನನ್ನ ಸುತ್ತ ಯಾರೂ ಇರಲಿಲ್ಲ. ಆಗ ಹಿಂದಿನಿಂದ ಬಂತು ಬರಿಗಾಲಿನ ಸದ್ದು. ನಂಬುತ್ತೀರೋ ಇಲ್ಲವೋ, ಆ ಹೊತ್ತಿಗೆ ನನಗೆ ಸಮಾಧಾನವಾಯಿತು. ಇಷ್ಟು ಕಷ್ಟಪಟ್ಟು ಓಡಿ ಅವಳು ಬರದೇ ಇದ್ದಿದ್ದರೆ?

ಕೂಳೂರು ಸೇತುವೆಯ ಮೇಲೆ ಬೆಳಕು ಬಿಡುತ್ತಿತ್ತು. ಕೆಳಗೆ ಹೊಳೆಯ ಮೇಲೆ ಮಂಜು, ದೋಣಿಯೊಂದರಲ್ಲಿ ಯಾರೋ ಬಲೆ ಎಳೆಯುತ್ತಿದ್ದರು. ನಾನು ಸೇತುವೆಯ ನಡುವಿಗೆ ಬಂದಿರಬೇಕು, ಹಿಂದಿನ ಸದ್ದು ನಿಂತಿತು. ಅವಳು ಹಿಂದಿನ ದಡದಲ್ಲೇ ನಿಂತಿದ್ದಾಳೆಂದು ನೋಡದೆಯೇ ಗೊತ್ತಾಯಿತು. ಅಲ್ಲೇ ಬಿಟ್ಟು ಹೋಗಬಹುದಿತ್ತು. ಹೋದರೆ ವಾಪಸು ಬರುವಾಗ ಮತ್ತೆ ಅದೇ ದಡದಲ್ಲಿ ಕಾಯುತ್ತಾಳೆ. ಏಳು ವರ್ಷದ ಆ ಹುಡುಗಿಗೆ ನೀರೆಂದರೆ ಹೆದರಿಕೆ ಇತ್ತು, ಅದೊಂದಕ್ಕೇ ಅವಳು ಹೆದರುತ್ತಿದ್ದದ್ದು. ನನಗೆ ಅಳು ಬಂತು. ಕೈಯನ್ನು ಹಿಂದಕ್ಕೆ ಚಾಚಿ ತುಳುವಿನಲ್ಲಿ "ಬಲ ಅಕ್ಕ" ಎಂದೆ, ಬಾ ಎಂದೆ. ಮತ್ತೆ ಅಂಗೈಯೊಳಗೆ ತಣ್ಣಗಿನದೇನೋ ಬಂದು ಕೂತಿತು. ಅದು ಮಗುವಿನ ಕೈಯಾಗಿರಲಿಲ್ಲ. ನನ್ನ ಕೈಯಷ್ಟೇ ದೊಡ್ಡದಿತ್ತು.

ಅಲ್ಲಿಂದ ಮುಂದಿನ ದಾರಿ ಸರಿಯಾಗಿ ನೆನಪಿಲ್ಲ. ಪಣಂಬೂರಿನಲ್ಲಿ ಲಾರಿಗಳ ಸಾಲು, ಬೈಕಂಪಾಡಿಯ ಹೊಗೆ, ಬಿಸಿಲು ಏರುತ್ತಿದ್ದದ್ದು, ಬಾಯಿ ಹತ್ತಿಯಂತೆ ಒಣಗಿದ್ದದ್ದು. ನೀರಿನ ಮೇಜುಗಳನ್ನು ನಾನು ಮುಟ್ಟುವ ಹೊತ್ತಿಗೆ ಅಲ್ಲಿ ಖಾಲಿ ಕಪ್ಪುಗಳು ಮಾತ್ರ ಉರುಳುತ್ತಿದ್ದವು. ಹಿಂದೆ ಉಳಿದವರ ಪಾಡು ಅದು.

ತಿರುಗುವಲ್ಲಿ ಅತ್ತೆ ನಿಂತಿದ್ದರು. ಕೆಂಪು ಅಂಚಿನ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಬಂದವರ ಹಾಗೆ. ಅವರ ಕಾಲ ಬಳಿ ರಸ್ತೆಯ ಅಂಚಿಗೆ ಒಂದು ಉದ್ದ ಮರದ ತುಂಡು. ಹಳೆ ಮನೆ ಕೆಡವಿದಾಗ ತೆಗೆದಿಟ್ಟ ಹೊಸಿಲು ಅದು. ರಿಕ್ಷಾದಲ್ಲಿ ಹೇರಿಕೊಂಡು ಬಂದಿದ್ದರು, ಅರಶಿನ ಕುಂಕುಮವೂ ಹಚ್ಚಿದ್ದರು. ತಟ್ಟೆಯಲ್ಲಿ ಎರಡು ತುಂಡು ಬೆಲ್ಲ, ಎರಡು ಲೋಟ ನೀರು. ಸ್ಟೀಲಿನದು ನನಗೆ, ಕಂಚಿನದು ಅವಳಿಗೆ. ಅತ್ತೆ ನನ್ನನ್ನು ನೋಡಲೇ ಇಲ್ಲ. ನನ್ನ ಪಕ್ಕದಲ್ಲಿ ನೋಡಿ, ಮುಖ ಅರಳಿಸಿ, "ಬಾ ಮಗಾ, ಬಾ" ಅಂದರು.

ನಾನು ಹೊಸಿಲಿನ ಮೇಲೆ ಕಾಲಿಟ್ಟು ನಿಂತೆ. ಸ್ಟೀಲಿನ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದೆ. ಸಾಲಲಿಲ್ಲ. ಗಂಟಲಿನೊಳಗೆ ಬೆಂಕಿ ಇದ್ದ ಹಾಗೆಯೇ ಇತ್ತು. ಬೆಲ್ಲ ಬಾಯಿಗೆ ಹಾಕಿದೆ. ಕಣ್ಣಿಗೆ ಕತ್ತಲೆ ಕಟ್ಟಿತ್ತು, ಕೈ ತನ್ನಷ್ಟಕ್ಕೆ ಹೋಯಿತು. ಬರಿದಾದ ಕಂಚಿನ ಲೋಟದ ಅಂಚು ನನ್ನ ಮೂಗಿಗೆ ತಾಗಿದಾಗಲೇ ನನಗೆ ಎಚ್ಚರವಾದದ್ದು. ಬೆಲ್ಲದ ಎರಡನೇ ತುಂಡೂ ತಟ್ಟೆಯಲ್ಲಿ ಇರಲಿಲ್ಲ.

ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. "ಅಯ್ಯೋ. ಅದು ಅವಳದ್ದಲ್ಲವಾ?"

"ಅತ್ತೆ, ಬಾಯಾರಿಕೆ..."

"ಎರಡೂ ನೀನೇ ಕುಡಿದಿಯಾ?" ಅತ್ತೆ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ನನ್ನ ಪಕ್ಕದ ಜಾಗ ನೋಡಿದರು. ಅವರ ಧ್ವನಿ ಸಣ್ಣಗಾಯಿತು. "ಹೋಗು. ತಿರುಗಿ ನೋಡಬೇಡ. ಹೋಗು."

ಹೊಸಿಲಿನಿಂದ ಇಳಿದು ಓಡಿದೆ. ಹತ್ತು ಹೆಜ್ಜೆ ಹೋಗಿದ್ದೆನೇನೋ, ನೋವು ನಿಂತಿತು. ಕಡಿಮೆಯಾದದ್ದಲ್ಲ, ನಿಂತೇಬಿಟ್ಟಿತು. ಕಾಲು ನನ್ನ ಮಾತು ಕೇಳದೆ ಮುಂದೆ ಹೋಗುತ್ತಿತ್ತು, ಗಾಳಿಯಲ್ಲಿ ಒಣಹಾಕಿದ ಬಟ್ಟೆಯ ಹಾಗೆ ಹಗುರವಾಗಿತ್ತು. ಹಿಂದೆ ಯಾವ ಸದ್ದೂ ಇರಲಿಲ್ಲ. ಗೆದ್ದೆ, ಅಕ್ಕ ಉಳಿದಳು ಎಂದು ಖುಷಿಯಾಯಿತು. ಬೈಕಂಪಾಡಿ ದಾಟಿ ಒಂದು ಕಡೆ ವಾಹನಗಳಿಲ್ಲದೆ ಮೌನವಾದಾಗ ನನ್ನದೇ ಹೆಜ್ಜೆಯ ಸದ್ದು ಕೇಳಿಸಿತು. ನನ್ನ ಕಾಲಿನಲ್ಲಿ ಶೂ ಇತ್ತು, ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೆ. ಡಾಂಬರಿನ ಮೇಲೆ ಬೀಳುತ್ತಿದ್ದದ್ದು ಬರಿಗಾಲು. ಕೂಳೂರು ಸೇತುವೆಯ ಮೇಲೆ ಮಾತ್ರ ಎದೆ ಹೊಡೆದುಕೊಂಡಿತು, ಕೆಳಗಿನ ನೀರು ನೋಡಲು ಧೈರ್ಯ ಬರಲಿಲ್ಲ. ಮೀನುಗಾರನ ಮಗಳು ನಾನು, ಹುಟ್ಟಿದಂದಿನಿಂದ ನೀರು ನೋಡಿದವಳು.

ಮೊದಲ ಅರ್ಧದಲ್ಲಿ ನನ್ನನ್ನು ದಾಟಿಹೋದವರನ್ನೆಲ್ಲ ಎರಡನೇ ಅರ್ಧದಲ್ಲಿ ದಾಟಿದೆ. ಡಾಕ್ಟರನ್ನೂ ದಾಟಿದೆ, ಅವರು ಕೊಟ್ಟಾರದಲ್ಲಿ ಸೊಂಟ ಹಿಡಿದು ನಿಂತಿದ್ದರು. ಇಷ್ಟು ದಿನ ಕಾದಿದ್ದ ಆ ಹೊತ್ತಿಗೆ ಒಂದು ಮಾತು ಹೇಳಬೇಕೆಂದೂ ನನಗನ್ನಿಸಲಿಲ್ಲ. ಗೆರೆ ದಾಟಿದ ಮೇಲೂ ನಿಲ್ಲಲಾಗದೆ ಮೈದಾನಕ್ಕೆ ಒಂದು ಸುತ್ತು ಹಾಕಿದೆ. ಗಂಡ ಓಡಿಬಂದು ಕೈ ಹಿಡಿದು ನಿಲ್ಲಿಸಿದರು. "ಎಂತ ಮಾರಾಯ್ತಿ ಇದು? ನೀನೇನಾ?" ಅಂದರು. ತಮಾಷೆಗೆ ಅಂದದ್ದು.

ಮನೆಯಲ್ಲಿ ಶೂ ಬಿಚ್ಚಿದೆ. ಎಡಗಾಲಿನ ಕಾಲುಚೀಲದ ತುದಿ ರಕ್ತದಲ್ಲಿ ಗಟ್ಟಿಯಾಗಿತ್ತು. ಹೆಬ್ಬೆರಳಿನಲ್ಲಿ ಒಂದು ಗೀರೂ ಇರಲಿಲ್ಲ. ಆ ಕಲೆಯನ್ನು ಲ್ಯಾಬಿಗೆ ಒಯ್ದು ನೋಡಬಹುದಿತ್ತು, ಆದರೆ ನೋಡಿ ಏನು ಪ್ರಯೋಜನ? ಅವಳಿಗಳ ರಕ್ತ ಒಂದೇ. ಕಾಲುಚೀಲವನ್ನು ಒಲೆಗೆ ಹಾಕಿದೆ. ಅಮ್ಮ ಗಂಜಿ, ಒಣಮೀನಿನ ಚಟ್ನಿ ಬಡಿಸಿದಳು. ಹಸಿದಿದ್ದೆ, ಬೇಗ ಬೇಗ ತಿಂದು ಎದ್ದೆ. ಅಮ್ಮ ಬಟ್ಟಲನ್ನೇ ನೋಡುತ್ತಿದ್ದಳು. ಮತ್ತೆ ನನ್ನ ಮುಖ ನೋಡಿದಳು. ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಆ ರಾತ್ರಿ ಅವಳು ನನ್ನ ತಲೆ ಸವರುತ್ತಾ ಬಹಳ ಹೊತ್ತು ಕೂತಿದ್ದಳಂತೆ, ಗಂಡ ಹೇಳಿದ್ದು. ದೊಡ್ಡವಳಾದ ಮೇಲೆ ಅಮ್ಮ ನನ್ನ ತಲೆ ಸವರಿದ್ದಿಲ್ಲ.

ಈಗ ದಿನಾ ಓಡುತ್ತೇನೆ. ಗದ್ದೆ ಬದಿಯಲ್ಲಿ ಹಿಂದಿನಿಂದ ಯಾರೂ ಬರುವುದಿಲ್ಲ. ಬೇಕೆಂದದ್ದು ಸಿಕ್ಕಿತು, ಆದರೂ ಆಗಾಗ ನಾನೇ ನಿಂತು ಕೇಳಿಸಿಕೊಳ್ಳುತ್ತೇನೆ.

ಮತ್ತೆ ಆಟಿ ಬಂತು, ಕಾಟಿಪಳ್ಳದಿಂದ ಕರೆ ಬಂತು. ಅತ್ತೆ ಒಳಗೆ ಎರಡು ಎಲೆ ಹಾಕಿ ಬಡಿಸಿ ಬಾಗಿಲು ಎಳೆದು ಬಂದರು. ಜಗಲಿಯಲ್ಲಿ ನನ್ನ ಪಕ್ಕ ಕೂತರು. ಮಳೆ ಸುರಿಯುತ್ತಿತ್ತು. ಅತ್ತೆಯ ಮುಖದಲ್ಲಿ ಇಷ್ಟು ವರ್ಷದಲ್ಲಿ ಕಾಣದ ನೆಮ್ಮದಿ ಇತ್ತು.

"ನಾನು ಸುಮ್ಮನೆ ಹೆದರಿದ್ದೆ ಮಗಾ. ಅವಳು ಬಂದಿದ್ದಾಳೆ. ಮಗ ಈಗ ಒಬ್ಬನೇ ಬರುದಿಲ್ಲ ಕನಸಿಗೆ. ನಾನೇ ನೋಡಿದ್ದೇನೆ ಅವಳನ್ನು, ನಿನ್ನದೇ ಮುಖ."

"ಹೇಗಿದ್ದಾಳೆ ಅತ್ತೆ?"

"ಒಳ್ಳೆ ಹುಡುಗಿ. ಓಡ್ತಾಳೆ ಓಡ್ತಾಳೆ ಅಂತ ಹೇಳ್ತಿದ್ದಿರಿ ನೀವು, ಎಲ್ಲಿಗೂ ಓಡುದಿಲ್ಲ ಪಾಪ. ಕಾಲು ನೋವು ಅಂತ ಹೊಸಿಲಲ್ಲೇ ಕೂತಿರ್ತಾಳೆ." ಅತ್ತೆ ನಕ್ಕರು. "ಎಡಗಾಲಿನ ಹೆಬ್ಬೆರಳು ಹಿಡ್ಕೊಂಡು ಎಂಜಲು ಹಚ್ಚಿ ಉಜ್ಜುದು. ಸಣ್ಣ ಮಕ್ಕಳ ಹಾಗೆ. ರಸ್ತೆ ಕಡೆ ನೋಡ್ತಾ ಇರ್ತಾಳೆ, ಯಾರಾದ್ರೂ ಕರ್ಕೊಂಡು ಹೋಗ್ಲಿಕ್ಕೆ ಬರ್ತಾರಾ ಅಂತ."

ನಾನು ನನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ಅತ್ತೆ ಎದ್ದು ಬಾಗಿಲ ಬಳಿ ಹೋದರು, ಕೆಮ್ಮಿದರು, ಚಿಲಕಕ್ಕೆ ಕೈ ಹಾಕಿದರು.

"ಸ್ವಲ್ಪ ಹೊತ್ತು ಬಿಡಿ ಅತ್ತೆ" ಅಂದೆ. "ಅವಳು ಊಟ ಮಾಡುವುದು ನಿಧಾನ."